ಸಿಲಿಂಡರಿನ ಬಾಯಿಗೆ ಮೂರು ಅಕ್ಕಿಕಾಳು

ತುಲಾಂಬೆನ್ನಿನ ಕಡಲ ದಡದಲ್ಲಿ ಮರಳು ಅನ್ನೋದಿಲ್ಲ. ಎಲ್ಲ ಅಗುಂಗ್ ಅನ್ನುವ ಬೆಂಕಿಬೆಟ್ಟ ಕಕ್ಕಿದ ಕರಿಗಲ್ಲು. ಕುಂಬಳಕಾಯಿ ಗಾತ್ರದವು, ತೆಂಗಿನಕಾಯಿ ಗಾತ್ರದವು, ಅಲೆ ಹಿಂದಕ್ಕೆ ಸರಿದಾಗ ಹಲ್ಲು ಕಡಿದ ಹಾಗೆ ಸದ್ದು ಮಾಡುವಂಥವು. ಕೈಬೀಸಿಕೊಂಡು ನಡೆಯೋದಕ್ಕೇ ಪರದೇಶದವರು ಒಬ್ಬರ ತೋಳು ಒಬ್ಬರು ಹಿಡಿಯುತ್ತಾರೆ. ಮೆನ್ ಸೆರುನಿ ಅದೇ ಕಲ್ಲಿನ ಮೇಲೆ ತಲೆಗೆ ಸಿಂಬಿ ಇಟ್ಟು, ಸಿಂಬಿಯ ಮೇಲೆ ನೀರಿನಡಿ ಮುಳುಗುವವರ ಎರಡು ಗಾಳಿ ಸಿಲಿಂಡರ್ ಅಡ್ಡ ಹೇರಿಕೊಂಡು ಇಪ್ಪತ್ತಾರು ವರ್ಷ ನಡೆದವಳು. ಸೆರುನಿ ಅವಳ ಚೊಚ್ಚಲ ಮಗಳು. ಆ ಮಗು ಹುಟ್ಟಿದ ದಿನದಿಂದ ಊರೆಲ್ಲ ಇವಳನ್ನು ಮೆನ್ ಸೆರುನಿ, ಸೆರುನಿಯ ಅವ್ವ, ಅಂತಲೇ ಕರೆದು ಅವಳ ಸ್ವಂತ ಹೆಸರು ಮೂಲೆ ಸೇರಿತ್ತು. ಹೊರುವ ಹೆಂಗಸರ ಸಂಘದಲ್ಲಂತೂ ಅವಳು ಬರೀ ಹದಿನೇಳು. ಮೂವತ್ತು ಹೆಂಗಸರು, ಮೂವತ್ತು ನಂಬರು, ಸರದಿ ಬಂದಂತೆ ಹೊರೆ. ಅಂಗಿಯ ಎದೆಯ ಮೇಲೆ ಹೊಲಿದ ಆ ನಂಬರು ಇರುವ ತನಕ ಒಲೆ ಹತ್ತುತ್ತದೆ. ನಂಬರು ಹೋದರೆ ಗುಡ್ಡದ ಮೇಲೆ ಕಲ್ಲು ಸರಿಸಿ ಮರಗೆಣಸು ಕೆದಕಬೇಕು.

ದಡದಿಂದ ಮೂವತ್ತು ನಲವತ್ತು ಮಾರು ದೂರದಲ್ಲಿ ನೀರಿನಡಿ ಹಡಗು. ಮಹಾಯುದ್ಧದಲ್ಲಿ ಜಪಾನಿನವರ ಏಟು ತಿಂದ ಅಮೆರಿಕದ ಸರಕು ಹಡಗು ಅದು. ಇಪ್ಪತ್ತು ವರ್ಷ ದಡದ ಮೇಲೇ ಬಿದ್ದಿತ್ತು. ಮೆನ್ ಸೆರುನಿಯ ಅಪ್ಪ ಹುಡುಗನಾಗಿದ್ದಾಗ ಅದರ ಹೊಟ್ಟೆಗೆ ನುಗ್ಗಿ ಕಬ್ಬಿಣ ಕಿತ್ತು ತಂದಿದ್ದ. ಆ ಕಬ್ಬಿಣದ ಕುಡುಗೋಲು ಇವತ್ತಿಗೂ ಮನೆಯ ಸೂರಿನಲ್ಲಿ ಸಿಕ್ಕಿಸಿಕೊಂಡಿದೆ. ಅರವತ್ತಮೂರರಲ್ಲಿ ಅಗುಂಗ್ ಉರಿದು ನೆಲ ನಡುಗಿದಾಗ ಹಡಗು ಹೊರಳಿ ನೀರಿಗೆ ಜಾರಿತು. ಜಾರಿದರೂ ಬಹಳ ಆಳಕ್ಕೆ ಹೋಗಲಿಲ್ಲ. ಅದರ ಹಿಂಬದಿ ಮೂರಾಳು ನೀರಿನಲ್ಲೇ ಸಿಗುತ್ತದೆ. ನಿನ್ನೆ ಈಜುಕೊಳದಲ್ಲಿ ಕೊಳವೆ ಕಚ್ಚಿ ಉಸಿರಾಡಲು ಕಲಿತವನು ಇವತ್ತು ಹೋಗಿ ನೋಡಿ ಬರಬಹುದು. ಅದಕ್ಕೇ ಲೋಕವೆಲ್ಲ ಅಲ್ಲಿಗೆ ಬರುತ್ತದೆ.

ಲೋಕವೆಲ್ಲ ನೋಡಿದ ಹಡಗನ್ನು ಮೆನ್ ಸೆರುನಿ ನೋಡಿರಲಿಲ್ಲ. ಅವಳಿಗೆ ಈಜು ಬಾರದು. ಊರವರ ನಂಬಿಕೆಯಲ್ಲಿ ಬೆಟ್ಟದ ಕಡೆ ದೇವರು, ಕಡಲ ಕಡೆ ಸತ್ತವರ ಬೂದಿ ಮತ್ತು ಭೂತ. ಗಂಡನ ಬೂದಿ ಬಿಡುವಾಗ ಮೊಣಕಾಲುದ್ದ ನೀರಿಗೆ ಇಳಿದದ್ದೇ ಅವಳ ದೊಡ್ಡ ಸಾಹಸ.

ಆ ವರ್ಷ ಅವಳ ಬಲಗೈಗೆ ಜೋಮು ಹತ್ತಿತು. ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಕೊನೆಗೆ ಇಡೀ ಅಂಗೈ ಒದ್ದೆ ಬಟ್ಟೆಯ ಹಾಗೆ ಸತ್ತುಬಿಟ್ಟಿತು. ಕತ್ತಿನ ಮೂಳೆ ಸವೆದು ನರ ಹಿಸುಕಿದೆ ಅಂತ ಆಸ್ಪತ್ರೆಯ ದಾದಿ ಹೇಳಿದ್ದಳು, ಹೊರೆ ಬಿಡು ಅಂತಲೂ ಹೇಳಿದ್ದಳು. ಉಸಿರು ಬಿಡು ಅಂದಷ್ಟೇ ಸುಲಭವಾಗಿ. ಮೆನ್ ಸೆರುನಿ ಯಾರಿಗೂ ಹೇಳಲಿಲ್ಲ. ಎಡಗೈಯಲ್ಲಿ ಸಿಲಿಂಡರ್ ಹಿಡಿದು, ಬಲಗೈಯನ್ನು ಸುಮ್ಮನೆ ತೋರಿಕೆಗೆ ಮೇಲೆತ್ತಿಕೊಂಡು ನಡೆದಳು. ಆದರೂ ಎರಡು ತಿಂಗಳಲ್ಲಿ ಎರಡು ಸಲ ಸಿಲಿಂಡರ್ ಜಾರಿ ಕಲ್ಲಿಗೆ ಬಡಿಯಿತು. ಮೂರನೇ ಸಲ ಬಿದ್ದರೆ ನಂಬರು ಹೋಗುತ್ತದೆ ಅನ್ನೋದು ಸಂಘದ ಕಾನೂನು. ಆ ಕಾನೂನು ಮಾಡಿದವರಲ್ಲಿ ಅವಳೂ ಒಬ್ಬಳು.

“ಏನೇ ಹದಿನೇಳು, ಬೆಳಿಗ್ಗೆನೇ ಸೇಂದಿ ಹಾಕ್ಕೊಂಡು ಬಂದ್ಯೇನೇ?” ಅಂತ ಸಂಘದ ಮುಖಂಡಳು ಮೆನ್ ಕರ್ತಿ ಎಲ್ಲರ ಎದುರಿಗೇ ಕೇಳಿದಳು.

“ಕಲ್ಲು ಜಾರ್ತು ಕಣಕ್ಕ.”

“ಇಪ್ಪತ್ತಾರು ವರ್ಷ ಜಾರದ ಕಲ್ಲು ಈಗ ಜಾರ್ತಾ? ಕಲ್ಲಿಗೂ ವಯಸ್ಸಾಯ್ತೇನೋ ಪಾಪ! ನೋಡು, ಇನ್ನೊಂದ್ಸಲ ಬೀಳಿಸಿದ್ರೆ ನಂಬರ್ ಬಿಚ್ಚಿಸ್ತೀನಿ. ನಿನ್ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಉಳಿದ ಇಪ್ಪತ್ತೊಂಬತ್ತು ಜನರ ಮೇಲೂ ಅಷ್ಟೇ ಪ್ರೀತಿ ಇದೆ, ಅದಕ್ಕೆ.”

ಇಂಥ ಹೊತ್ತಿನಲ್ಲಿ ತುಂಪೆಕ್ ಲಾಂದೆಪ್ ಬಂತು. ಕಬ್ಬಿಣಕ್ಕೆ, ಹರಿತಕ್ಕೆ, ಲೋಹವಾದದ್ದಕ್ಕೆಲ್ಲ ಪೂಜೆಯ ಶನಿವಾರ. ಹಿಂದೆ ಕತ್ತಿ ಕುಡುಗೋಲಿಗೆ ಮಾಡುತ್ತಿದ್ದರು, ಈಗ ಮೋಟರ್ ಬೈಕಿಗೆ, ಗಾಳಿ ತುಂಬುವ ಯಂತ್ರಕ್ಕೆ, ಸಿಲಿಂಡರಿಗೆ. ಶೆಡ್ಡಿನಲ್ಲಿ ಸಾಲಾಗಿ ನಿಂತ ಸಿಲಿಂಡರುಗಳ ಕತ್ತಿಗೆ ಹೆಂಗಸರು ತೆಂಗಿನ ಗರಿಯ ಹೆಣಿಗೆ ಕಟ್ಟಿ, ತೀರ್ಥ ಚಿಮುಕಿಸಿ, ತೀರ್ಥದಲ್ಲಿ ನೆನೆದ ಅಕ್ಕಿಯನ್ನು ಹಣೆಗೆ ಅಂಟಿಸಿದರು. ಮನುಷ್ಯರಾದರೆ ಅದೇ ಅಕ್ಕಿಯ ಮೂರು ಕಾಳನ್ನು ನುಂಗಲೂಬೇಕು. ಸಿಲಿಂಡರಿಗೆ ಹಣೆಗಷ್ಟೇ ಹಚ್ಚುವುದು ರೂಢಿ.

ಎಲ್ಲರೂ ಹೋದ ಮೇಲೆ ಮೆನ್ ಸೆರುನಿ ಉಳಿದಳು. ಮಾರನೇ ದಿನ ತಾನು ಹೊರಬೇಕಾದ ನಾಲ್ಕು ಸಿಲಿಂಡರುಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಇವುಗಳ ಜೀವ ಇರುವುದು ಬಾಯಲ್ಲಿ, ಹಣೆಗೆ ಮೆತ್ತಿದರೆ ಏನು ಬಂತು ಅನಿಸಿತು ಅವಳಿಗೆ. ವಾಲ್ವಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಂದೊಂದರ ಬಾಯಿಗೂ ಮೂರು ಕಾಳು ಹಾಕಿ, ಎರಡು ಹನಿ ತೀರ್ಥ ಬಿಟ್ಟು, ಮುಚ್ಚಳ ಒತ್ತಿದಳು.

“ಬೀಳಬೇಡ್ರಪ್ಪ,” ಅಂದಳು. “ನಿಮಗೂ ಉಣಿಸಿದೀನಿ, ಇನ್ನು ನನ್ನ ಅನ್ನ ನೀವು ಕಾಯ್ರಿ.”

ಸಿಲಿಂಡರುಗಳು ಬೀಳಲಿಲ್ಲ. ಭಾನುವಾರ ನಾಲ್ಕನ್ನೂ ಅಲುಗದೆ ದಡ ಮುಟ್ಟಿಸಿದಳು. ಅವುಗಳಲ್ಲಿ ಎರಡನ್ನು ತೆಗೆದುಕೊಂಡವನು ಮುದಿತ. ಅವಳ ಮೈದುನನ ಮಗ, ಒಂದೇ ಅಂಗಳದವನು, ಮೂವತ್ತು ದಾಟಿದವನು, ಹೊಸ ರೆಸಾರ್ಟಿನಲ್ಲಿ ಜನರನ್ನು ಮುಳುಗಿಸಿ ತೋರಿಸುವ ಕೆಲಸ. ಕೊಳವೆ ಸಿಕ್ಕಿಸುವ ಮೊದಲು ವಾಲ್ವನ್ನು ಚೂರು ತಿರುಗಿಸಿ ಬುಸ್ ಅಂತ ಗಾಳಿ ಬಿಟ್ಟು ಬಾಯಿ ಚೊಕ್ಕ ಮಾಡಬೇಕು. ಆವತ್ತು ಅವನಿಗೆ ಬೆಳಗಿನಿಂದ ಮೂರನೇ ತಂಡ, ನಾಲ್ಕನೆಯದಕ್ಕೆ ಮ್ಯಾನೇಜರನ ಫೋನು. ಬುಸ್ ಅನ್ನಿಸಲಿಲ್ಲ. ತನಗೊಂದು, ಕೊರಿಯಾದಿಂದ ಬಂದ ಹೊಸ ಹುಡುಗಿಗೊಂದು ಕಟ್ಟಿ ನೀರಿಗಿಳಿದ. ಅವನದರಲ್ಲಿ ಕಾಳು ಎಲ್ಲಿ ಹೋಯಿತೋ, ಏನೂ ಆಗಲಿಲ್ಲ. ಆ ಹುಡುಗಿಯದು ಹಡಗಿನ ಹತ್ತಿರ ಹೋಗುತ್ತಲೇ ಬಿಗಿಯಿತು. ಎಳೆದರೂ ಗಾಳಿ ಬಾರದು. ಬಾಯಿಂದ ಕೊಳವೆ ಕಿತ್ತೆಸೆದು ಮೇಲಕ್ಕೆ ಹಾರಲು ಹೋದವಳನ್ನು ಮುದಿತ ಸೊಂಟ ಹಿಡಿದು, ತನ್ನ ಸಿಲಿಂಡರಿನ ಇನ್ನೊಂದು ಕೊಳವೆ ಬಾಯಿಗೆ ತುರುಕಿ, ಹೇಗೋ ಮೇಲೆ ತಂದ. ಕಲ್ಲಿನ ಮೇಲೆ ಬಿದ್ದುಕೊಂಡು ಅವಳು ಉಪ್ಪುನೀರು ಕಾರಿದಳು. ಬದುಕಿದಳು.

ಸಂಜೆಯೊಳಗೆ ರೆಸಾರ್ಟಿನ ಮೆಕ್ಯಾನಿಕ್ ದಡದಲ್ಲೇ ಚಾಪೆ ಹಾಸಿ ಆ ಕೊಳವೆಯ ಹಿತ್ತಾಳೆ ತಲೆ ಬಿಚ್ಚಿದ. ಗಾಳಿ ಸೋಸುವ ಬಿಲ್ಲೆಯ ಮೇಲೆ ಬಿಳಿ ಗಂಜಿ ಮೆತ್ತಿಕೊಂಡಿತ್ತು. ಮೂಸಿ ನೋಡಿದ.

“ಅಕ್ಕಿ,” ಅಂದ.

ಸುತ್ತ ನಿಂತ ಹೆಂಗಸರ ನಡುವೆ ಮೆನ್ ಸೆರುನಿಗೆ ಕಾಲ ಕೆಳಗಿನ ಕಲ್ಲೆಲ್ಲ ಒಟ್ಟಿಗೆ ಉರುಳಿದ ಹಾಗಾಯಿತು.

ರೆಸಾರ್ಟಿನ ಮ್ಯಾನೇಜರ್ ಹೆರ್ಮಂತೋ ಹೊರಗಿನವನು, ಸುರಬಾಯಾ ಪಟ್ಟಣದ ಕಡೆಯವನು. ಕೂಗಾಡುವವನಲ್ಲ. ಕೂಗಾಡುವವರ ಜೊತೆ ಜಗಳವಾಡಬಹುದು, ಇಂಥವರ ಜೊತೆ ಕಷ್ಟ. ದಡದ ತನಕ ಸಿಮೆಂಟು ದಾರಿ ಹಾಕಿ ಮೋಟರು ಗಾಡಿಯಲ್ಲೇ ಸಿಲಿಂಡರ್ ಸಾಗಿಸಬೇಕು ಅಂತ ಅವನು ಒಂದು ವರ್ಷದಿಂದ ಊರ ಯಜಮಾನನ ಹಿಂದೆ ಬಿದ್ದಿದ್ದ. ಕಾರಣವೊಂದು ಬೇಕಿತ್ತು, ಮೂರು ಕಾಳು ಅಕ್ಕಿ ಸಿಕ್ಕಿತು. ಜನರನ್ನು ನೀರಿಗಿಳಿಸಲು ಕೊಟ್ಟಿದ್ದ ಪರವಾನಗಿ, ಮುದಿತನ ಕಾರ್ಡು, ಕಿತ್ತುಕೊಂಡ. ಮೂವತ್ತು ಹೆಂಗಸರೂ ಸಿಲಿಂಡರ್ ಮುಟ್ಟಕೂಡದು ಅಂದ. ಸೋಮವಾರ ಮಧ್ಯಾಹ್ನ ಊರ ಚಾವಡಿಯಲ್ಲಿ ತೀರ್ಮಾನ ಅಂತಾಯಿತು.

ಸೋಮವಾರ ಬೆಳಿಗ್ಗೆ ಶೆಡ್ಡಿನ ಹಿಂದೆ ಮೆನ್ ಸೆರುನಿ ಮೆನ್ ಕರ್ತಿಯ ಮುಂದೆ ಎಲ್ಲ ಕಕ್ಕಿಕೊಂಡಳು. ಕೈ ಜೋಮಿನ ವಿಷಯವೊಂದನ್ನು ಬಿಟ್ಟು.

ಮೆನ್ ಕರ್ತಿ ಲವಂಗದ ಸಿಗರೇಟು ಕೊನೆತನಕ ಸೇದಿ ಕಲ್ಲಿಗೆ ತಿಕ್ಕಿದಳು. “ಸಿಲಿಂಡರಿಗೆ ಊಟ ಮಾಡ್ಸಿದ್ಯಾ? ಸಾಂಬಾಲ್ ಚಟ್ನಿ ಹಾಕೋದು ಮರ್ತ್ಯಾ?”

“ಅಕ್ಕ...”

“ಮುಚ್ಚು ಬಾಯಿ. ಇವತ್ತು ಚಾವಡೀಲೂ ಮುಚ್ಚಿರಬೇಕು. ನೀನು ಹೂಂ ಅಂದ್ಯೋ, ಹೆಂಗಸ್ರೇ ಮಾಡಿದ್ದು ಅಂತ ಮೂವತ್ತೂ ಜನಾನ ಗುಡಿಸಿ ಹಾಕ್ತಾನೆ. ಯಾರೂ ಏನೂ ಹೇಳ್ಬೇಡಿ. ಇಲಿ ಹಾಕ್ತು ಅನ್ನೋಣ.”

“ಮುದಿತನ ಕೆಲಸ?”

“ಗಂಡಸು ಅವನು, ಇನ್ನೊಂದು ಕಡೆ ಹುಡುಕ್ಕೋತಾನೆ. ನಮ್ಮನ್ನ ಇನ್ಯಾರು ಹೊರಿಸ್ಕೋತಾರೆ?”

ಮಾತು ಸರಿಯಾಗೇ ಇತ್ತು. ಸಂಘದಲ್ಲಿ ಸರಿಯಾದ ಮಾತು ಎಷ್ಟೋ ಸಲ ಹೀಗೇ ಇರುತ್ತದೆ, ಯಾರದೋ ಒಬ್ಬರ ಕುತ್ತಿಗೆಯ ಮೇಲೆ ಕೂತು.

ಚಾವಡಿ ತುಂಬಿತ್ತು. ಗಂಡಸರು ತಲೆಗೆ ವಸ್ತ್ರ ಸುತ್ತಿ ಮುಂದೆ, ಹೆಂಗಸರು ಹಿಂದೆ. ಮುದಿತ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಬುಸ್ ಅನ್ನಿಸದೇ ಇದ್ದದ್ದು ನನ್ನ ತಪ್ಪು ಅಂತ ಅವನು ಒಪ್ಪಿಕೊಂಡಾಗಿತ್ತು. ಅಕ್ಕಿ ಯಾರು ಹಾಕಿದ್ದು ಅಂತ ಕೇಳಿದ್ದಕ್ಕೆ ಗೊತ್ತಿಲ್ಲ ಅಂದ. ಅವನಿಗೆ ಗೊತ್ತಿತ್ತು. ಆ ನಾಲ್ಕು ಯಾರ ಹೊರೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ನನಗೆ ಯಾರ ಮೇಲೂ ಸಿಟ್ಟಿಲ್ಲ,” ಅಂದ ಹೆರ್ಮಂತೋ. “ಒಬ್ಬರು ಮಾಡಿದ್ದು. ಆ ಒಬ್ಬರು ಯಾರು ಅಂತ ಮೂವತ್ತು ಜನಾನೂ ಹೇಳಲ್ಲ ಅಂದ್ರೆ, ಮೂವತ್ತು ಜನಾನೂ ಬೇಡ. ಗಾಡಿ ರೆಡಿ ಇದೆ.”

“ಇಲಿ ಇರಬಹುದು,” ಅಂದಳು ಮೆನ್ ಕರ್ತಿ.

“ಮುಚ್ಚಳ ತೆಗೆದು, ಅಕ್ಕಿ ಹಾಕಿ, ಮತ್ತೆ ಮುಚ್ಚಳ ಹಾಕೋ ಇಲೀನಾ ಅಮ್ಮ?”

ಚಾವಡಿ ನಕ್ಕಿತು. ಯಜಮಾನನೂ ನಕ್ಕ. ಆ ನಗೆ ಕೇಳಿದ ಮೇಲೆ ಮೆನ್ ಸೆರುನಿಗೆ ಕೂತಿರಲಾಗಲಿಲ್ಲ.

“ನಾನು ಹಾಕಿದ್ದು.”

ನಗೆ ನಿಂತಿತು. ಮೆನ್ ಕರ್ತಿ ಕಣ್ಣು ಮುಚ್ಚಿಕೊಂಡಳು.

“ನನ್ನ ಹೊರೆಯ ನಾಲ್ಕಕ್ಕೂ ಪೂಜೆಗೆ ಹಾಕಿದ್ದು. ಕೆಟ್ಟದ್ದಕ್ಕಲ್ಲ. ಒಬ್ಬಳೇ ಹಾಕಿದ್ದು. ಹುಡುಗನ ಕಾರ್ಡ್ ಕೊಟ್ಬಿಡಿ, ಇವರಿಗೆ ಹೊರೆ ಕೊಟ್ಬಿಡಿ.”

ಹೆರ್ಮಂತೋ ತಲೆಯಾಡಿಸಿದ. “ಒಪ್ಕೊಂಡ್ರಿ, ದೊಡ್ಡ ಮಾತು. ಆದ್ರೆ ಅಮ್ಮ, ನಿಮ್ಮವರು ಮುಟ್ಟಿದ ಸಿಲಿಂಡರಿನ ಗಾಳೀನ ಇನ್ನು ಯಾರು ನಂಬ್ತಾರೆ? ನಾನು ನಂಬಲ್ಲ. ನೀವು ನಂಬ್ತೀರಾ? ಅಕ್ಕಿ ಹಾಕಿದ್ದು ಇನ್ನೂ ಎರಡು ಬಳಸದೇ ವಾಪಸ್ ಬಂದು ಶೆಡ್ಡಲ್ಲಿದೆ. ಅದನ್ನ ಕಟ್ಕೊಂಡು ನೀವೇ ಹಡಗಿನ ತನಕ ಹೋಗಿ ಬರ್ತೀರಾ?”

“ಬರ್ತೀನಿ.”

“ಏನು?”

“ಹೋಗಿ ಬರ್ತೀನಿ ಅಂದೆ. ಬಂದ್ರೆ ಗಾಡಿ ವಾಪಸ್ ಕಳಿಸ್ತೀಯಾ?”

ಇನ್ನೂರು ಜನರ ಎದುರಿಗೆ ಕೇಳಿದವನು ಇನ್ನೂರು ಜನರ ಎದುರಿಗೇ ಸಿಕ್ಕಿಕೊಂಡ. ಈ ಹೆಂಗಸು ಮೊಣಕಾಲುದ್ದ ನೀರು ದಾಟುವುದಿಲ್ಲ ಅಂತ ಅವನಿಗೆ ಯಾರೋ ಕಿವಿಯಲ್ಲಿ ಹೇಳಿದರು. ಸರಿ ಅಂದ. ಯಜಮಾನ ಸಾಕ್ಷಿ ಅಂದ.

ಹೊರಗೆ ಬಂದಾಗ ಮೆನ್ ಕರ್ತಿ ಅವಳ ರೆಟ್ಟೆ ಹಿಡಿದಳು. “ಸಾಯೋಕೆ ಬೇರೆ ದಾರಿ ಇರ್ಲಿಲ್ವೇನೇ? ನೀನು ಅಲ್ಲಿ ಒದ್ದಾಡಿ ಸತ್ರೆ ಅವನಿಗೆ ಇನ್ನೂ ಒಳ್ಳೇದಾಯ್ತು, ತಿಳ್ಕೋ.”

“ಗೊತ್ತು.”

“ಹಂಗಾದ್ರೆ ಸಾಯ್ಬೇಡ.”

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ದಡದಲ್ಲಿ ಒಂದು ಸಿಲಿಂಡರೂ ಓಡಾಡಲಿಲ್ಲ. ಇಪ್ಪತ್ತೊಂಬತ್ತು ಹೆಂಗಸರು ತಮ್ಮ ಸಿಂಬಿಗಳನ್ನು ದಾರಿಗೆ ಅಡ್ಡ ಸಾಲಾಗಿ ಇಟ್ಟು, ಅದರ ಹಿಂದೆ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ತಲೆಯ ಮೇಲಿಡುವ ಸಿಂಬಿಯನ್ನು ದಾಟಿ ಕಾಲಿಡಲು ಯಾರಿಗೂ ಧೈರ್ಯವಾಗಲಿಲ್ಲ.

ಮುದಿತ ತನ್ನ ಸ್ವಂತ ಸಲಕರಣೆ ತಂದಿದ್ದ. ಕಾರ್ಡಿಲ್ಲದವನು ಹೇಗೆ ಇಳಿಸ್ತೀಯ ಅಂತ ಮೆಕ್ಯಾನಿಕ್ ಕೇಳಿದ್ದಕ್ಕೆ, “ದೊಡ್ಡಮ್ಮನ್ನ ಸಮುದ್ರಕ್ಕೆ ಕರ್ಕೊಂಡು ಹೋಗೋಕೂ ಕಾರ್ಡ್ ಬೇಕೇನಯ್ಯ?” ಅಂದ. ನಗಿಸಲು ಹೇಳಿದ್ದು, ಅವನ ತುಟಿ ಒಣಗಿತ್ತು.

ಗರಿಯ ಹೆಣಿಗೆ ಇನ್ನೂ ಕತ್ತಿನಲ್ಲಿದ್ದ ಸಿಲಿಂಡರಿನ ಮುಚ್ಚಳವನ್ನು ಮೆನ್ ಸೆರುನಿಯೇ ತೆಗೆದಳು. ಅಭ್ಯಾಸ ಬಲದಿಂದ ಅದನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡಳು. ಮುದಿತ ವಾಲ್ವು ತಿರುಗಿಸಿದ. ಬುಸ್! ಕಾಳು ಹಾರಿ ಕರಿಗಲ್ಲಿನ ಮೇಲೆ ಬಿದ್ದವು. ಬಿಳಿಯವು, ಎಣಿಸಲು ಸುಲಭ.

ಎರಡು.

ಮುದಿತ ಮತ್ತೊಮ್ಮೆ ಬುಸ್ ಅನ್ನಿಸಿದ. ಏನೂ ಬರಲಿಲ್ಲ. “ಚೊಕ್ಕ ಆಯ್ತು ದೊಡ್ಡಮ್ಮ. ಎಷ್ಟು ಹಾಕಿದ್ದೆ?”

ಮೂರು. ಮೂರು ಅಂದರೆ ಮುದಿತ ಸಿಲಿಂಡರ್ ಪಕ್ಕಕ್ಕಿಡುತ್ತಾನೆ. ಪಕ್ಕಕ್ಕಿಟ್ಟರೆ ಅಲ್ಲಿ ಕೈಕಟ್ಟಿ ನಿಂತಿರುವ ಹೆರ್ಮಂತೋ, ನೋಡಿದಿರಾ, ಅವರಿಗೇ ನಂಬಿಕೆಯಿಲ್ಲ ಅನ್ನುತ್ತಾನೆ. ಅವಳು ಸಿಂಬಿಗಳ ಸಾಲು ನೋಡಿದಳು.

“ಎರಡು,” ಅಂದಳು.

ನಡುಪಟ್ಟಿಯ ಮೇಲೆಯೇ ರಬ್ಬರ್ ಅಂಗಿ ಹಾಕಿಸಿದರು, ಸೊಂಟಕ್ಕೆ ಸೀಸ ಕಟ್ಟಿದರು. ಇಪ್ಪತ್ತಾರು ವರ್ಷ ತಲೆಯ ಮೇಲಿದ್ದದ್ದು ಬೆನ್ನಿಗೆ ಬಂತು. “ಉಸಿರು ಬಿಗಿ ಹಿಡೀಬೇಡ, ಬಿಡ್ತಾನೇ ಇರು,” ಅಂದ ಮುದಿತ. “ಚೆನ್ನಾಗಿದ್ರೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡು. ಹೆಬ್ಬೆರಳು ಮೇಲೆ ಮಾಡಿದ್ರೆ ಮೇಲಕ್ಕೆ ಹೋಗೋದು. ಮುಗೀತು ಅಂತ.” ಮೆಕ್ಯಾನಿಕ್ಕೂ ಕ್ಯಾಮೆರಾ ಹಿಡಿದು ಜೊತೆಗೆ ಇಳಿದ, ಮ್ಯಾನೇಜರನ ಕಣ್ಣಾಗಿ.

ನೀರು ಸೊಂಟಕ್ಕೆ ಬಂದಾಗ ಅವಳ ಕಾಲು ನಿಂತುಬಿಟ್ಟಿತು. ಗಂಡನ ಬೂದಿ ಇಲ್ಲೇ ಎಲ್ಲೋ ಇದೆ ಅನ್ನಿಸಿತು. ಹಿಂದಿನಿಂದ ಮೆನ್ ಕರ್ತಿಯ ದನಿ: “ಏ ಹದಿನೇಳು! ಸರದಿ ತಪ್ಪಿಸ್ಬೇಡ, ನಡಿ!” ಅವಳು ಮುಖ ಮುಳುಗಿಸಿದಳು.

ಮೊದಲು ಸದ್ದು. ಕಲ್ಲುಗಳು ಉರುಳುವ ಸದ್ದು ನೀರಿನೊಳಗೆ ನೂರು ಪಟ್ಟು. ಆಮೇಲೆ ತನ್ನದೇ ಉಸಿರು, ಕಮ್ಮಾರನ ತಿದಿಯ ಹಾಗೆ. ಎಳೆದಾಗ ಬಂತು. ಬಿಟ್ಟಾಗ ಗುಳ್ಳೆ ಎದ್ದವು. ಮತ್ತೆ ಎಳೆದಳು, ಬಂತು. ಪ್ರತಿ ಸಲ ಎಳೆಯುವಾಗಲೂ ಅವಳು ಆ ಕಾಳಿಗಾಗಿ ಕಾದಳು. ಈಗ ಬರುತ್ತದೆ. ಈಗ. ಕಿವಿ ಸಿಡಿಯುವಂತೆ ನೋಯಿತು, ಮುದಿತ ಅವಳ ಮೂಗು ಹಿಂಡಿ ಊದಿಸಿದ. ಅವನು ಅವಳ ತೋಳು ಬಿಟ್ಟಿರಲಿಲ್ಲ.

ಎದುರಿಗೆ ಕತ್ತಲೆಯಂಥದ್ದು ಎದ್ದಿತು. ಹತ್ತಿರವಾದಂತೆ ಕತ್ತಲೆಗೆ ಪಕ್ಕೆಲುಬು ಬಂದವು. ಹಡಗು. ಮೇಲೆಲ್ಲ ಪಾಚಿ, ಹವಳ, ಹುಣ್ಣಿನ ಹಾಗೆ ಬೆಳೆದ ಏನೇನೋ. ಅದರ ನಡುವೆ ಹಳದಿ ಮೀನುಗಳ ಹಿಂಡು ಯಾರ ಗೊಡವೆಯೂ ಇಲ್ಲದೆ ತಿರುಗುತ್ತಿತ್ತು. ಇದಕ್ಕಾ? ಅಂದುಕೊಂಡಳು. ಇದಕ್ಕಾ ನನ್ನ ಕತ್ತು ಹೋದದ್ದು? ಲೋಕವೆಲ್ಲ ಬಂದು ನೋಡುವ ಈ ಮುರುಕಲು ಕಬ್ಬಿಣಕ್ಕಾ?

ಆಗ ಉಸಿರು ಬಿಗಿಯಿತು.

ಎಳೆದಳು, ಸಾಲದು. ಇನ್ನೂ ಜೋರಾಗಿ ಎಳೆದಳು, ಸಾಲದು. ಬಂತು ಕಾಳು. ಎದೆಯೊಳಗೆ ಕೋಳಿ ರೆಕ್ಕೆ ಬಡಿದ ಹಾಗೆ. ಮುದಿತ ಅವಳ ಕಣ್ಣು ನೋಡಿ ಉಂಗುರದ ಸನ್ನೆ ಮಾಡಿದ, ಚೆನ್ನಾಗಿದ್ದೀಯಾ? ಉತ್ತರ ಕೊಡಲು ಬಲಗೈ ಎತ್ತಿದಳು. ಕೈ ಎದ್ದಿತು, ಬೆರಳು ಏನು ಮಾಡುತ್ತಿವೆ ಅಂತ ಅವಳಿಗೆ ತಿಳಿಯಲಿಲ್ಲ. ಉಂಗುರ ಮಾಡು ಅಂದರೆ ಸತ್ತ ಬೆರಳುಗಳು ಮಡಚಿಕೊಂಡು ಹೆಬ್ಬೆರಳೊಂದೇ ಸೆಟೆದು ನಿಂತಿತು. ಮೇಲಕ್ಕೆ. ಮುಗೀತು ಅಂತ. ಮುದಿತ ಅವಳನ್ನು ಎತ್ತಲು ತಿರುಗಿದ. ಮೆಕ್ಯಾನಿಕ್ ಕ್ಯಾಮೆರಾ ಎತ್ತಿದ.

ಎಡಗೈಯಲ್ಲಿ ಯಾರಿಗೂ ಏನೂ ತೋರಿಸಬಾರದು ಅಂತ ಮೊದಲ ಹೆಜ್ಜೆ ಇಡುವಾಗಲೇ ಅವ್ವ ಹೊಡೆದು ಕಲಿಸಿದ್ದಳು. ಮೆನ್ ಸೆರುನಿ ಬಲಗೈಯನ್ನು ಕೆಳಗೆ ಅದುಮಿ, ಎಡಗೈಯನ್ನು ಮುದಿತನ ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು ಉಂಗುರ ಮಾಡಿದಳು. ಗಾಳಿ ಇಲ್ಲದಿದ್ದರೂ ಮಾಡಿದಳು. ಸತ್ತರೆ ಉಂಗುರ ಹಿಡಿದೇ ಸಾಯುತ್ತೇನೆ ಅಂತ ಮಾಡಿದಳು. ಮುದಿತ ಅವಳ ಎದೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದ. ಬಿಡು, ಮೊದಲು ಬಿಡು. ಆಗ ತಿಳಿಯಿತು ಅವಳಿಗೆ: ಎಳೆಯುತ್ತಲೇ ಇದ್ದಳು, ಬಿಡುವುದನ್ನೇ ಮರೆತಿದ್ದಳು. ಬಿಟ್ಟಳು. ಗುಳ್ಳೆಗಳು ಹೋದವು. ಎಳೆದಳು. ಬಂತು. ಕಾಳು ಇರಲಿಲ್ಲ, ಹೆದರಿಕೆ ಇತ್ತು.

ಹಡಗಿನ ಬದಿಗೆ ಎಡ ಅಂಗೈ ಒತ್ತಿದಳು. ಮುಟ್ಟಬಾರದು ಅನ್ನೋದು ನಿಯಮ. ಅವಳ ಅಪ್ಪ ಕಿತ್ತುಕೊಂಡೇ ಹೋಗಿದ್ದ, ಇವಳು ಬರೀ ಮುಟ್ಟಿದಳು. ಮೆಕ್ಯಾನಿಕ್ ಅದನ್ನೂ ಚಿತ್ರ ಹಿಡಿದ.

ದಡಕ್ಕೆ ಬಂದು ಕಲ್ಲಿನ ಮೇಲೆ ಕೈಕಾಲೂರಿ ಕೂತು ಬೆಳಗಿನ ಕಾಫಿಯೆಲ್ಲ ಕಾರಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೆನ್ ಕರ್ತಿ ಎದ್ದು ಬಂದು ಅವಳ ಬೆನ್ನಿನ ಸಿಲಿಂಡರ್ ಬಿಚ್ಚಿ, ಸಿಂಬಿ ಇಟ್ಟು, ತನ್ನ ತಲೆಗೇರಿಸಿಕೊಂಡು ಹೆರ್ಮಂತೋನ ಮುಂದೆಯೇ ದಾರಿ ಹಿಡಿದಳು. ಒಬ್ಬೊಬ್ಬಳೇ ತನ್ನ ಸಿಂಬಿ ಎತ್ತಿಕೊಂಡಳು. ಹೆರ್ಮಂತೋ ಯಜಮಾನನ ಮುಖ ನೋಡಿದ, ಯಜಮಾನ ಸಮುದ್ರ ನೋಡಿದ.

ಗಾಡಿ ಬರಲಿಲ್ಲ. ಮುಚ್ಚಳಗಳಿಗೆ ಸೀಲು ಬಂತು, ಹಬ್ಬದ ದಿನ ಶೆಡ್ಡಿಗೆ ಬೀಗ ಬಂತು. ಮುದಿತನ ಕಾರ್ಡು ಒಂದು ತಿಂಗಳು ಕಾಯಿಸಿ ಬಂತು.

ಆ ಮಂಗಳವಾರ ಮಧ್ಯಾಹ್ನವೇ ಮೆನ್ ಕರ್ತಿ ಮನೆಗೆ ಬಂದಳು. ಜಗುಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದಳು.

“ನೀರೊಳಗೆ ಎಡಗೈಲಿ ಸನ್ನೆ ಮಾಡಿದ್ಯಂತೆ. ಆ ಮೆಕ್ಯಾನಿಕ್ ಚಿತ್ರ ತೋರಿಸ್ಕೊಂಡು ತಿರುಗ್ತಿದಾನೆ. ಬಲಗೈ ಸತ್ತ ಮೀನಿನ ಹಾಗೆ ತೇಲ್ತಿದೆ.”

ಮೆನ್ ಸೆರುನಿ ಬಲಗೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು.

“ಎಷ್ಟು ದಿನದಿಂದ?”

“ಐದು ತಿಂಗ್ಳು.”

“ಥೂ ನಿನ್ನ.” ಮೆನ್ ಕರ್ತಿಯ ದನಿ ಒಡೆಯಿತು, ಅವಳು ಅದನ್ನು ಕೆಮ್ಮಿ ಸರಿ ಮಾಡಿಕೊಂಡಳು. “ನಾಳೆ ಸಿಲಿಂಡರ್ ಯಾರದೋ ಕಾಲ ಮೇಲೆ ಬೀಳುತ್ತೆ. ಆಮೇಲೆ ಮತ್ತೆ ಯಾರನ್ನ ಮುಳುಗಿಸ್ಲಿ ನಾನು? ಅಂಗಿ ತಾ.”

ಅಂಗಿ ತಂದಳು. ಸೂರಿನಲ್ಲಿದ್ದ ಕುಡುಗೋಲಿನ ಮೊನೆಯಿಂದ ಮೆನ್ ಕರ್ತಿ ಹದಿನೇಳರ ಹೊಲಿಗೆ ಒಂದೊಂದಾಗಿ ಬಿಚ್ಚಿದಳು. ಬಟ್ಟೆ ಹರಿಯದ ಹಾಗೆ, ನಿಧಾನವಾಗಿ. “ಬೈಕೋ ಬೇಕಾದ್ರೆ,” ಅಂದಳು. “ನಾನಾಗಿದ್ರೂ ಹಿಂಗೇ ಮಾಡ್ತಿದ್ದೆ,” ಅಂದಳು ಮೆನ್ ಸೆರುನಿ. ಅದು ನಿಜ, ಅದರಿಂದ ಏನೂ ಹಗುರಾಗಲಿಲ್ಲ.

ಅವಳು ಹೋದ ಮೇಲೆ ಮೆನ್ ಸೆರುನಿ ಬೆಳಗಿನಿಂದ ಮೂಲೆಯಲ್ಲಿ ಒದ್ದೆಯಾಗಿ ಬಿದ್ದಿದ್ದ ನಡುಪಟ್ಟಿ ಹಿಂಡಲು ಎತ್ತಿಕೊಂಡಳು. ಪ್ಲಾಸ್ಟಿಕ್ ಮುಚ್ಚಳ ಟಪ್ ಅಂತ ನೆಲಕ್ಕೆ ಬಿತ್ತು. ಎತ್ತಿ ತಿರುಗಿಸಿ ನೋಡಿದಳು. ಒಳಗೆ, ಅಂಚಿಗೆ ಅಂಟಿಕೊಂಡು, ಮೂರನೇ ಕಾಳು.

ಉಗುರಿನಿಂದ ಅದನ್ನು ಕಿತ್ತಳು. ಎಸೆಯಲು ಕೈ ಎತ್ತಿದಳು. ಪೂಜೆಯ ಅಕ್ಕಿ, ಎಸೆಯುವಂತಿಲ್ಲ. ಬಾಯಿಗೆ ಹಾಕಿಕೊಂಡು ಅಗಿದಳು. ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತಿತ್ತು. ನುಂಗಿ, ಕುಡುಗೋಲನ್ನು ಎಡಗೈಗೆ ತೆಗೆದುಕೊಂಡು ಮರಗೆಣಸಿನ ಗುಡ್ಡದ ಕಡೆ ಹೊರಟಳು.